ಖಾಲಿ ಬಸ್ಸು ಘಾಟಿ ಹತ್ತಿದ್ದು

ಕುಮಟಾ ಡಿಪೋದಲ್ಲಿ ರಾತ್ರಿ ಹತ್ತೂವರೆ.
ಬೋರ್ಡಿಲ್ಲದ ಬಸ್ಸು. ಕಂಡಕ್ಟರಿಲ್ಲ, ಟಿಕೆಟ್ಟಿಲ್ಲ.
ಸ್ಟಿಯರಿಂಗಿನಲ್ಲಿ ಬೊಮ್ಮಯ್ಯ ಹಳ್ಳೇರ,
ಬಾಗಿಲ ಪಕ್ಕದ ಸೀಟಿನಲ್ಲಿ ಇನಾಸ ಮೇಸ್ತ್ರಿ,
ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನು.
ಯಾವ ಊರಿಗೂ ಅಲ್ಲ,
ದೇವಿಮನೆ ಘಾಟಿ ಹತ್ತಬೇಕು, ಇಳಿಯಬೇಕು, ಅಷ್ಟೆ.
ಲಾಗ್‌ಶೀಟಿನಲ್ಲಿ ಕಾರಣಕ್ಕೆ ಬಿಟ್ಟ ಜಾಗ ಒಂದೂವರೆ ಇಂಚು.
‘ಮಸಿ ಸುಡಲು’ ಎಂದು ಬರೆದೆ.

ದಿನಕ್ಕೆ ಒಂಬತ್ತು ಸಲ ಬಾಡ, ಕಾಗಾಲ, ಅಘನಾಶಿನಿ.
ಕೈ ತೋರಿದಲ್ಲಿ ನಿಂತು, ಮೀನುಬುಟ್ಟಿ ಕಂಡಲ್ಲಿ ನಿಂತು
ಎರಡನೇ ಗೇರಿನ ಮೇಲೇರದ ಬದುಕು.
ಮೈ ಕಾಯುವುದರೊಳಗೆ ದಾರಿ ಮುಗಿಯುತ್ತದೆ.
ಪಾಪ ಕಳೆಯುವ ಹೆಸರಿನ ಊರಿಗೆ
ಹೋಗಿ ಬಂದು ಹೋಗಿ ಬಂದೇ
ಹೊಟ್ಟೆಯೊಳಗಿನ ಜರಡಿ ಕಟ್ಟಿಕೊಂಡಿತು.
ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ.

ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ಅಂಥದೊಂದನ್ನು ಅಡ್ಡ ಕೊಯ್ದು ಇಟ್ಟಿದ್ದರು:
ಮಣ್ಣು ಸುಟ್ಟು ಮಾಡಿದ ಜೇನುತಟ್ಟಿ,
ಒಂದು ಕಣ್ಣು ತೆರೆದಿದ್ದರೆ ಪಕ್ಕದ್ದು ಮುಚ್ಚಿದೆ.
ಒಳಬಂದ ಹೊಗೆಗೆ ಮುಂದೆ ದಾರಿಯಿಲ್ಲ,
ಗೋಡೆಯನ್ನೇ ಹಾದು ಪಕ್ಕದ ಓಣಿಗೆ ಹೋಗಬೇಕು
ಮಸಿಯನ್ನು ಈಚೆಯೇ ಬಿಟ್ಟು,
ಹೊಸಿಲ ಹೊರಗೆ ಚಪ್ಪಲಿ ಬಿಟ್ಟ ಹಾಗೆ.

ಇನಾಸ ಮೇಸ್ತ್ರಿಗೆ ಇದರ ಮೇಲೆ ವಿಶ್ವಾಸವಿಲ್ಲ.
ಮೂವತ್ತೊಂದು ವರ್ಷ ಹೊಗೆ ಓದಿದವರು ಅವರು.
ಕಪ್ಪಾದರೆ ತಿಂದದ್ದು ಹೆಚ್ಚು, ಉಸಿರು ಕಡಿಮೆ.
ನೀಲಿಯಾದರೆ ರಿಂಗ್ ಸವೆದಿದೆ, ಕದ್ದು ಆಯಿಲ್ ಕುಡಿಯುತ್ತಿದೆ.
ಬಿಸಿಯಾದ ಮೇಲೂ ಬಿಳಿಯೇ ಇದ್ದರೆ
ಹೆಡ್ ಬಿಚ್ಚು, ನೀರು ಇಳಿದಿದೆ.
ಗೇಟಿನಾಚೆ ತಿರುಗುವ ಬಸ್ಸಿನ ಬೆನ್ನು ನೋಡಿ
ಚಹಾದ ಲೋಟ ಕೆಳಗಿಡದೆ ಹೇಳುತ್ತಿದ್ದರು:
‘ಮೂರನೇ ಇಂಜೆಕ್ಟರ್.’
ಮೂರನೆಯದೇ ಎಂದು ಹೇಗೆ ಗೊತ್ತು, ಕೇಳಿದರೆ ನಗು.

‘ಇದು ಬಾಯಿ ಮುಚ್ಕೊಂಡದೆ ಬಾಯೆ.
ಎಲ್ಲಿ ನೋವು ಅಂತ ಇನ್ಯಾರು ಹೇಳ್ತಾರೆ?’
ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ.
ಕನ್ನಡಕ ಮನೆಯಲ್ಲಿದೆ ಎಂದರು.
ಕನ್ನಡಕ ಕಿಸೆಯಲ್ಲಿತ್ತು.

ದಿವಗಿ. ಕತಗಾಲ.
ಚೆಕ್‌ಪೋಸ್ಟಿನವ ಖಾಲಿ ಸೀಟುಗಳ ಮೇಲೆ ಬ್ಯಾಟರಿ ಬಿಟ್ಟು
‘ಯಾರೂ ಇಲ್ವಾ?’ ಎಂದ.
‘ಮಸಿ ಅದೆ’ ಎಂದ ಬೊಮ್ಮಯ್ಯ.

ಆಮೇಲೆ ಏರು.
ಮುನ್ನೂರು. ಮುನ್ನೂರ ಎಂಬತ್ತು.
ಒಂದು ಹನಿ ಡೀಸೆಲ್ ತಡವಾಗಿ, ಬೇಕೆಂದೇ ತಡವಾಗಿ ಬಿದ್ದು
ಸಿಲಿಂಡರಿನಲ್ಲಿ ಉರಿಯದೆ
ಕೊಳವೆಗೆ ಓಡಿ ಅಲ್ಲಿ ಉರಿಯಿತು.
ಐನೂರ ಎಪ್ಪತ್ತು. ಆರುನೂರ ಹತ್ತು.
ತಿರುವಿನಲ್ಲಿ ಖಾಲಿ ಸೀಟುಗಳು ಒಟ್ಟಿಗೇ ಕಿರುಗುಟ್ಟಿದವು.
ಇಸ್ತ್ರಿ ಮರೆತಿಟ್ಟ ಮನೆಯ ವಾಸನೆ.
ಕಡಲ ದಂಡೆಯ ಕಾಡಿಗೆ ಕಾಡಿಗೆ ಬಂದು
ಬಣ್ಣ ಕಳಚಿ ಬರಿಯ ಗಾಳಿಯಾಗಿ ಹೋಯಿತು.
ಹೋಯಿತೆಂದರೆ, ಕಾಣದಾಯಿತು.

ತರಗೆಲೆ ಇಲ್ಲದ ಜಾಗ ನೋಡಿ ನಿಲ್ಲಿಸು ಎಂದೆ, ಕೆಳಗೆ ಬೆಂಕಿ ಇದೆ.
ಬೊಮ್ಮಯ್ಯ ಕೂತಲ್ಲೇ ದೇವಿಗೆ ಕೈಮುಗಿದ.
ಇನಾಸ ಮೇಸ್ತ್ರಿ ಇಳಿದು ಹಿಂದೆ ಹೋಗಿ
ಕೊಳವೆ ಆರುವ ತನಕ ಕಾದು ನಿಂತರು. ಬಹಳ ಹೊತ್ತು.
ಬೆರಳು ಒಳಗೆ ಹಾಕಿ, ತಿರುಗಿಸಿ,
ಮುಂದಕ್ಕೆ ನಡೆದುಬಂದು ಹೆಡ್‌ಲೈಟಿಗೆ ಹಿಡಿದರು.
ಬೆರಳು ಬೆರಳಿನ ಬಣ್ಣದ್ದೇ ಆಗಿತ್ತು.
ಉಗುರಿನ ಸಂದಿಯ ಕಪ್ಪು ಮಾತ್ರ
ಈ ಬಸ್ಸಿನದಲ್ಲ.

‘ಎಲ್ಲಾ ಸುಟ್ಟಿತಾ?’

ಎಲ್ಲಾ ಅಲ್ಲ ಮೇಸ್ತ್ರಿ. ಮಸಿ ಸುಡ್ತದೆ,
ಬೂದಿ ಉಳೀತದೆ, ಚೂರು ಚೂರೇ, ತಟ್ಟಿಯ ತಳದಲ್ಲಿ.
ಅದು ಡೀಸೆಲಿನದಲ್ಲ. ಆಯಿಲಿನದು.
ಒಳಗೆ ಸವೆಯದ ಹಾಗೆ ಕಾಯಲಿ ಎಂದು ಬೆರೆಸಿದ್ದರ ಉಳಿಕೆ.
ಯಾವ ಘಾಟಿ ಹತ್ತಿದರೂ ಅದು ಸುಡೂದಿಲ್ಲ.
ವರ್ಷಗಳ ಮೇಲೆ ಬಿಚ್ಚಿ,
ಹಿಂದಿನಿಂದ ಗಾಳಿ ಊದಿ ಕೆಡವಬೇಕು.

ಅವರು ಕೆಮ್ಮಿದರು.
ಬಸ್ಸಿನ ಮೈಗೆ ಎರಡು ಸಲ ತಟ್ಟಿದರು,
ಕಂಡಕ್ಟರಿಲ್ಲದ ಬಸ್ಸಿಗೆ ಯಾರಾದರೂ ರೈಟ್ ಹೇಳಬೇಕಲ್ಲ.

ಇಳಿಯುವಾಗ, ನಾಲ್ಕೋ ಐದೋ ತಿರುವು ಕಳೆದ ಮೇಲೆ,
ಕಿಸೆಯಿಂದ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿ
ಪಕ್ಕಕ್ಕೆ ಸರಿದು ಕೂತರು.
‘ತೋರಿಸು,
ಮೂರನೇ ಇಂಜೆಕ್ಟರ್ ಎಲ್ಲಿ ಬರೀತದೆ ಇದು?’